59 ದಿನ: ತರಿಯೋಡು ಪಂಚಾಯ್ತಿ ಆಫೀಸಿನ ನಾಲ್ಕು ಕಂಪ್ಯೂಟರ್‌ಗಳು

(ಭಾಗ 1)
ಫೋಟೋದಲ್ಲಿ ಇರೋದು ಎಚ್.ಡಿ. ಕೋಟೆಯಿಂದ ಅಂತರಸಂತೆ ಮೇಲೆ ಬಾವಲಿಗೆ ಹೋಗೋ ರಸ್ತೆ. ಕೋಟೆ ಕಡೆಯವರಿಗೆ ಇದು ಗೊತ್ತಿರೋ ದಾರಿನೇ. ಬಾವಲಿ ದಾಟಿದರೆ ಕೇರಳದ ವಯನಾಡು ಜಿಲ್ಲೆ, ಮುಂದೆ ಮಾನಂದವಾಡಿ. ಅಲ್ಲಿ ಜೋರು ಮಳೆ ಬಿದ್ದರೆ ಇಲ್ಲಿ ಬೀಚನಹಳ್ಳಿಯಲ್ಲಿ ಕಬಿನಿ ಡ್ಯಾಂ ತುಂಬುತ್ತೆ. ಹಾಗಾಗಿ ವಯನಾಡಿನ ಸುದ್ದಿ ಅಂದ್ರೆ ನಮಗೆ ಮಳೆ ಸುದ್ದಿ, ಇಲ್ಲಾಂದ್ರೆ ಆನೆ ಸುದ್ದಿ.

2017ರ ಮೇ 15, ಸೋಮವಾರ ಅಲ್ಲಿಂದ ಬೇರೆ ಥರದ ಸುದ್ದಿ ಬಂತು. ವಯನಾಡಿನ ತರಿಯೋಡು ಗ್ರಾಮ ಪಂಚಾಯ್ತಿ ಆಫೀಸಿನ ನಾಲ್ಕು ಕಂಪ್ಯೂಟರ್‌ಗಳಲ್ಲಿ ಕೆಂಪು ಬಣ್ಣದ ಒಂದು ಕಿಟಕಿ ತೆರೆದುಕೊಂಡಿತ್ತು. ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ತೆಗೀಬೇಕಾದ್ರೆ 300 ಡಾಲರ್ ಬಿಟ್‌ಕಾಯಿನ್‌ನಲ್ಲಿ ಕೊಡಿ ಅನ್ನೋ ಬೇಡಿಕೆ. ಆಗಿನ ಲೆಕ್ಕದಲ್ಲಿ ಒಂದು ಕಂಪ್ಯೂಟರ್‌ಗೆ ಸುಮಾರು 19 ಸಾವಿರ ರೂಪಾಯಿ.

ಅದರ ಹೆಸರು ವಾನಾಕ್ರೈ. ಲಂಡನ್ ಆಸ್ಪತ್ರೆಗಳನ್ನ ನಿಲ್ಲಿಸಿದ ಅದೇ ಹುಳ ನಮ್ಮ ತಾಲ್ಲೂಕಿನ ಪಕ್ಕದ ಜಿಲ್ಲೆಯ ಪಂಚಾಯ್ತಿಗೂ ಬಂತು. ಬಾವಲಿ ರಸ್ತೆಗೆ ರಾತ್ರಿ ಹೊತ್ತು ಗೇಟ್ ಹಾಕ್ತಾರಲ್ಲ, ಇದಕ್ಕೆ ಅಂಥ ಗೇಟ್ ಯಾವುದೂ ಇರಲಿಲ್ಲ.

ಈ ಸರಣಿಯಲ್ಲಿ ಇಲ್ಲಿಯವರೆಗೆ ನಮ್ಮ ಕಡೆಯ ಹಳೇ ಸೇತುವೆ, ಹಳೇ ಸಂತೆ ಅಂತ ಬರೀತಿದ್ದೆ. ಈ ಸಲ ಸ್ವಲ್ಪ ಹೊಸ ಇತಿಹಾಸ. ಓದಿ, ನಿಮ್ಮ ಅಂಗಡಿ, ಆಫೀಸಿಗೂ ಸಂಬಂಧ ಇದೆ.

(ಭಾಗ 2)
ಮೊದಲು ಒಂದು ವಿಷಯ ಸರಿಯಾಗಿ ಹಿಡಿದುಕೊಳ್ಳಿ. ಆ ಪಂಚಾಯ್ತಿಯಲ್ಲಿ ಯಾರೋ ಕೆಟ್ಟ ಲಿಂಕ್ ಒತ್ತಿದ್ದರು, ಅದಕ್ಕೇ ಹೀಗಾಯ್ತು ಅಂತ ಸುಲಭವಾಗಿ ಅಂದುಬಿಡ್ತೀವಿ. ವಾನಾಕ್ರೈಗೆ ಯಾರೂ ಏನೂ ಒತ್ತೋದು ಬೇಕಿರಲಿಲ್ಲ.

ನೀವು ವಿಂಡೋಸ್ ಕಂಪ್ಯೂಟರ್ ಆನ್ ಮಾಡ್ತೀರಿ. ಪಾಸ್‌ವರ್ಡ್ ಕೇಳ್ತಾ ನಿಂತಿರುತ್ತೆ. ನಿಮ್ಮ ಪಾಲಿಗೆ ಕೆಲಸ ಇನ್ನೂ ಶುರುನೇ ಆಗಿಲ್ಲ. ಆದರೆ ಅಷ್ಟರಲ್ಲಿ ಒಳಗೆ ಹತ್ತಾರು ಸಣ್ಣ ಪ್ರೋಗ್ರಾಂಗಳು ಎದ್ದು ಕೆಲಸಕ್ಕೆ ಕೂತಾಗಿದೆ. ಒಂದು ಪ್ರಿಂಟ್ ಬಂದರೆ ಸಾಲಿಗೆ ಹಾಕೋಕೆ, ಒಂದು ಗಡಿಯಾರ ಸರಿ ಇಡೋಕೆ, ಒಂದು ಪಕ್ಕದ ಕಂಪ್ಯೂಟರ್ ಫೈಲ್ ಕೇಳಿದರೆ ಕೊಡೋಕೆ. ಇವುಗಳಿಗೆ ಕಿಟಕಿ ಇಲ್ಲ, ಐಕಾನ್ ಇಲ್ಲ. ಬ್ಯಾಕ್‌ಗ್ರೌಂಡ್ ಸರ್ವೀಸ್ ಅಂತಾರೆ, ಹಿನ್ನೆಲೆ ಸೇವೆ ಅನ್ನೋಣ. ಮದುವೆ ಮನೆಯಲ್ಲಿ ಹಿತ್ತಲಲ್ಲಿ ಅಡಿಗೆ ಮಾಡೋರು ಇದ್ದ ಹಾಗೆ. ಊಟ ಸರಿಯಾಗಿ ಬರ್ತಿದ್ದರೆ ಯಾರೂ ಅವರ ಮುಖ ನೋಡಲ್ಲ.

ನಮ್ಮ ಬಿಕಾಂನವರಿಗೆ ಇದು ದಿನಾ ಕಣ್ಣ ಮುಂದೆ ಇರೋದೇ. ಟ್ಯಾಕ್ಸ್ ಪ್ರಾಕ್ಟೀಸ್ ಮಾಡೋರ ಆಫೀಸಿಗೆ ಹೋಗಿ ನೋಡಿ, ಮೂರು ಕಂಪ್ಯೂಟರ್ ಇರುತ್ತೆ. ಟ್ಯಾಲಿ ಡೇಟಾ ಫೋಲ್ಡರ್ ಒಂದರಲ್ಲಿ, ಉಳಿದ ಎರಡು ಅದನ್ನ ಶೇರಿಂಗ್‌ನಲ್ಲಿ ತೆಗೀತವೆ. ಕೆ.ಆರ್. ನಗರದ ಅಕ್ಕಿ ಗಿರಣಿ ಆಫೀಸಿರಲಿ, ಪಿರಿಯಾಪಟ್ಟಣದ ಗೊಬ್ಬರದ ಅಂಗಡಿ ಇರಲಿ, ಇದೇ ಏರ್ಪಾಡು. ಆ ಶೇರಿಂಗ್ ನಡೆಸೋ ಸೇವೆಗೆ ವಿಂಡೋಸ್‌ನಲ್ಲಿ ಹೆಸರೇ 'ಸರ್ವರ್'. ಅದು ಮಾತಾಡೋ ಭಾಷೆ ಎಸ್‌ಎಂಬಿ, ಕೂರೋ ಬಾಗಿಲು 445ನೇ ಪೋರ್ಟ್.

ಇಂಥ ಸೇವೆಗಳಿಗೆ ಅಧಿಕಾರ ಜಾಸ್ತಿ. ಸಾಮಾನ್ಯವಾಗಿ ಲಾಗಿನ್ ಆದ ನಿಮಗಿಂತಲೂ ಜಾಸ್ತಿ. ಅದಕ್ಕೇ ಇವುಗಳಲ್ಲಿ ಬಿರುಕು ಬಿಟ್ಟರೆ ಅಪಾಯ. ನಮ್ಮ ರಾಜ್ಯದ 'ಭೂಮಿ' ಯೋಜನೆ ನೆನಪಿಸಿಕೊಳ್ಳಿ. ನಮ್ಮ ನಾಲ್ಕೂ ಸೇರಿ ಆಗಿನ 177 ತಾಲ್ಲೂಕಿನ ಪಹಣಿಗಳನ್ನ ಕಂಪ್ಯೂಟರ್‌ಗೆ ಹಾಕಿದಾಗ, ಪಾಸ್‌ವರ್ಡ್ ಸಾಲದು ಅಂತ ಸಿಬ್ಬಂದಿಯ ಬೆರಳಚ್ಚು ಲಾಗಿನ್ ಇಟ್ಟರು. ಯಾರು ತಿದ್ದಿದರು ಅಂತ ಗೊತ್ತಾಗಲಿ ಅಂತ. ಆ ಕಾಲಕ್ಕೆ ಒಳ್ಳೇ ಯೋಚನೆ, ಅನುಮಾನ ಇಲ್ಲ. ಆದರೆ ಯಾವ ಬೆರಳಚ್ಚೂ ಮುಂಬಾಗಿಲನ್ನ ಮಾತ್ರ ಕಾಯುತ್ತೆ. ಹಿತ್ತಲ ಬಾಗಿಲಲ್ಲಿ ಕೂತ ಸೇವೆಯನ್ನ ಯಾಮಾರಿಸೋನು ಬೆರಳು ಒತ್ತೋಕೆ ಬರೋದೇ ಇಲ್ಲ.

(ಭಾಗ 3)
ಇದು ವಿಂಡೋಸ್‌ಗೆ ಅಂಟಿದ ರೋಗ ಅಂದುಕೋಬೇಡಿ. ಮೊದಲು ಬಿದ್ದದ್ದು ಯೂನಿಕ್ಸ್.

1988ರ ನವೆಂಬರ್ 2. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್, ವಯಸ್ಸು 22, ಒಂದು ಹುಳ ಬಿಟ್ಟ. ಯೂನಿಕ್ಸ್‌ನಲ್ಲಿ ಹಿನ್ನೆಲೆ ಸೇವೆಗಳಿಗೆ ಡೀಮನ್ ಅಂತಾರೆ. (ನಮ್ಮ ಹಳ್ಳಿ ಲೆಕ್ಕದಲ್ಲಿ ದೆವ್ವಾನೇ, ಕಾಣಿಸಲ್ಲ, ಕೆಲಸ ಮಾತ್ರ ಆಗಿರುತ್ತೆ.) ಅದರಲ್ಲಿ ಫಿಂಗರ್ ಅನ್ನೋದೊಂದು, ಈ ಯಂತ್ರದಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಉತ್ತರ ಹೇಳೋದು. ಬರೋ ಪ್ರಶ್ನೆಗೆ ಅದು 512 ಬೈಟ್ ಜಾಗ ಇಟ್ಟುಕೊಂಡಿತ್ತು. ಮಾರಿಸ್‌ನ ಹುಳ 536 ಬೈಟ್ ಕಳಿಸ್ತು. ಅಳೆದು ನೋಡೋ ಸಾಲೇ ಪ್ರೋಗ್ರಾಂನಲ್ಲಿ ಇರಲಿಲ್ಲ. ಹೆಚ್ಚಾದ 24 ಬೈಟ್ ಪಕ್ಕದ ಜಾಗಕ್ಕೆ ಚೆಲ್ಲಿ, ಯಂತ್ರ ಮುಂದೆ ಏನು ಮಾಡಬೇಕು ಅನ್ನೋದನ್ನೇ ಬದಲಾಯಿಸಿಬಿಟ್ಟಿತು.

ಆಗ ಇಂಟರ್ನೆಟ್ ಅಂದ್ರೆ ಸುಮಾರು 60 ಸಾವಿರ ಯಂತ್ರ. ಅದರಲ್ಲಿ 6 ಸಾವಿರ ಬಿದ್ದವು ಅನ್ನೋದು ಆಗಿನ ಅಂದಾಜು. ಮಾರಿಸ್‌ಗೆ 3 ವರ್ಷ ಪ್ರೊಬೇಷನ್, 400 ಗಂಟೆ ಸಮುದಾಯ ಸೇವೆ, ದಂಡ. ಈ ಗಲಾಟೆ ಮುಗಿಯೋದರೊಳಗೆ ಅದೇ ತಿಂಗಳು ಕಾರ್ನೆಗಿ ಮೆಲನ್‌ನಲ್ಲಿ ಮೊದಲ ಸಿಇಆರ್‌ಟಿ ಹುಟ್ಟಿತು. ಬಿರುಕು ಸಿಕ್ಕರೆ ಯಾರಿಗೆ ಹೇಳಬೇಕು ಅನ್ನೋದಕ್ಕೆ ಒಂದು ವಿಳಾಸ. ನಮ್ಮ ದೇಶದ ಸರ್ಟ್-ಇನ್ ಶುರುವಾಗಿದ್ದು 2004ರ ಜನವರಿಯಲ್ಲಿ.

(ಭಾಗ 4)
ಇಲ್ಲಿಂದ ಒಂದು ಲೆಕ್ಕ ಇಟ್ಟುಕೊಳ್ಳಿ. ಕಂಪನಿ ತೇಪೆ ಹಾಕಿ ಕೊಟ್ಟ ದಿನಕ್ಕೂ ಹುಳ ಬಂದ ದಿನಕ್ಕೂ ನಡುವೆ ಎಷ್ಟು ದಿನ? ತೇಪೆ ಅಂದ್ರೆ ಪ್ಯಾಚ್.

2003: ವಿಂಡೋಸ್‌ನ ಆರ್‌ಪಿಸಿ ಅನ್ನೋ ಸೇವೆಯಲ್ಲಿ ಬಿರುಕು. ಪ್ಯಾಚ್ ಬಂದದ್ದು ಜುಲೈ 16, ಬ್ಲಾಸ್ಟರ್ ಹುಳ ಬಂದದ್ದು ಆಗಸ್ಟ್ 11. ಇಪ್ಪತ್ತಾರು ದಿನ. ಆಗ ಸೈಬರ್ ಕೆಫೆಗೆ ಹೋಗ್ತಿದ್ದ ಅಣ್ಣಂದಿರಿಗೆ ಇದು ನೆನಪಿರಬಹುದು, ತೆರೆ ಮೇಲೆ 60 ಸೆಕೆಂಡ್ ಇಳಿಎಣಿಕೆ ಬಂದು ಕಂಪ್ಯೂಟರ್ ತಾನೇ ಆಫ್ ಆಗಿ ಆನ್ ಆಗೋದು.

2004: ಲಾಗಿನ್ ನೋಡಿಕೊಳ್ಳೋ ಎಲ್‌ಎಸ್‌ಎಎಸ್‌ಎಸ್ ಅನ್ನೋ ಸೇವೆ. ಪ್ಯಾಚ್ ಏಪ್ರಿಲ್ 13, ಸ್ಯಾಸರ್ ಹುಳ ಏಪ್ರಿಲ್ 30. ಹದಿನೇಳೇ ದಿನ. ಬರೆದವನು ಜರ್ಮನಿಯ ಸ್ವೆನ್ ಯಾಶನ್, ವಯಸ್ಸು 18.

ಎರಡು ಪೆಟ್ಟು ತಿಂದ ಮೇಲೆ ಮೈಕ್ರೋಸಾಫ್ಟ್ 2004ರ ಆಗಸ್ಟ್‌ನಲ್ಲಿ ಎಕ್ಸ್‌ಪಿಗೆ ಸರ್ವೀಸ್ ಪ್ಯಾಕ್ 2 ಕೊಟ್ಟಿತು. ಫೈರ್‌ವಾಲ್ ಅನ್ನ ಮೊದಲಿಂದಲೇ ಆನ್ ಮಾಡಿ ಕಳಿಸಿದರು. ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ಅತಿ ಹೆಚ್ಚು ಜನರನ್ನ ಕಾಪಾಡಿದ ಕೆಲಸ ಇದೇ. ಬಳಸೋನು ಏನೂ ಕಲೀಬೇಕಿರಲಿಲ್ಲ.

(ಭಾಗ 5)
2008ರದ್ದು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಇಲ್ಲಿ ಬಿದ್ದದ್ದು ನಾವು ಮೇಲೆ ನೋಡಿದ ಅದೇ 'ಸರ್ವರ್' ಸೇವೆ. ವಾನಾಕ್ರೈಗೆ ಒಂಬತ್ತು ವರ್ಷ ಮೊದಲೇ.

ಬಿರುಕು ಸಿಕ್ಕಿದ ರೀತಿನೇ ಚೆನ್ನಾಗಿದೆ. ವಿಂಡೋಸ್‌ನಲ್ಲಿ ಏನಾದರೂ ಕುಸಿದಾಗ 'ವರದಿ ಕಳಿಸಲಾ?' ಅಂತ ಕೇಳುತ್ತಲ್ಲ, ನಾವು ಬೇಡ ಅಂತ ಒತ್ತಿ ಬಿಡ್ತೀವಿ. ಪ್ರಪಂಚದ ಯಾವ್ಯಾವುದೋ ಮೂಲೆಯಿಂದ ಬಂದ ಅಂಥ ವರದಿಗಳ ರಾಶಿಯನ್ನ ಮೈಕ್ರೋಸಾಫ್ಟ್‌ನವರು ಜಾಲಾಡ್ತಿದ್ದರು. ಹಿನ್ನೆಲೆ ಸೇವೆ ಒಂದು ವಿಚಿತ್ರ ರೀತಿಯಲ್ಲಿ ಬಿದ್ದ ಗುರುತು ಅದರೊಳಗೆ ಕಂಡಿತು. ಯಾರೋ ಆಗಲೇ ಕದ್ದು ನುಗ್ಗೋಕೆ ನೋಡ್ತಿದ್ದಾರೆ, ಕೆಲವು ಸಲ ಕೈತಪ್ಪಿ ಕುಸಿಯುತ್ತಿದೆ ಅಂತ ಅರ್ಥವಾಯ್ತು. ತಿಂಗಳಿಗೊಮ್ಮೆ ಪ್ಯಾಚ್ ಕೊಡೋ ತಮ್ಮ ವಾಡಿಕೆ ಮುರಿದು, ಅಕ್ಟೋಬರ್ 23ಕ್ಕೆ ತುರ್ತಾಗಿ ಪ್ಯಾಚ್ ಬಿಟ್ಟರು.

ಒಂದು ತಿಂಗಳೊಳಗೆ ಕಾನ್‌ಫಿಕರ್ ಬಂತು. ಲಕ್ಷಗಟ್ಟಲೆ ಕಂಪ್ಯೂಟರ್. ಮುಂದಿನ ಆವೃತ್ತಿಗಳು ಪೆನ್‌ಡ್ರೈವ್‌ನಲ್ಲೂ ಹರಡಿದವು, ಅಂದರೆ ಇಂಟರ್ನೆಟ್ ಇಲ್ಲದ ಕಡೆಗೂ ಹುಳ ಜೇಬಲ್ಲಿ ಕೂತು ಹೋಯ್ತು. ಪ್ರಾಜೆಕ್ಟ್ ಪ್ರಿಂಟ್ ತೆಗೆಸೋಕೆ ಒಂದೇ ಜೆರಾಕ್ಸ್ ಅಂಗಡಿಗೆ ಇಡೀ ಕ್ಲಾಸಿನ ಪೆನ್‌ಡ್ರೈವ್ ಹೋಗುತ್ತಲ್ಲ, ಅದನ್ನ ನೆನೆಸಿಕೊಳ್ಳಿ ಸಾಕು. ಒಳಗೆ ಬಂದ ಮೇಲೆ ಕಾನ್‌ಫಿಕರ್ ಒಂದು ತಮಾಷೆ ಮಾಡ್ತಿತ್ತು. ತಾನು ಬಂದ ಕಿಂಡಿಯನ್ನ ತಾನೇ ಮುಚ್ಚೋದು, ಬೇರೆ ಹುಳ ಬರದ ಹಾಗೆ. ಜೊತೆಗೆ ವಿಂಡೋಸ್ ಅಪ್‌ಡೇಟ್ ನಿಲ್ಲಿಸೋದು, ಆಂಟಿವೈರಸ್ ಕಂಪನಿಗಳ ಸೈಟ್ ತೆರೆಯದ ಹಾಗೆ ಮಾಡೋದು. ಮಾಡಿದವರನ್ನ ಹಿಡಿದುಕೊಟ್ಟರೆ ಎರಡೂವರೆ ಲಕ್ಷ ಡಾಲರ್ ಅಂತ ಮೈಕ್ರೋಸಾಫ್ಟ್ ಬಹುಮಾನ ಕೂಡ ಇಟ್ಟಿತ್ತು.

(ಭಾಗ 6)
ಈಗ ವಾನಾಕ್ರೈ ನುಗ್ಗಿದ ಬಿರುಕು. ಇದು ಏನು ಅಂತ ಬಿಕಾಂ ಭಾಷೆಯಲ್ಲೇ ಹೇಳ್ತೀನಿ.

ಎಸ್‌ಎಂಬಿಯ ಮೊದಲ ಆವೃತ್ತಿ ಹುಟ್ಟಿದ್ದು 1980ರ ದಶಕದಲ್ಲಿ, ಐಬಿಎಂನಲ್ಲಿ. ಐಬಿಎಂ, ಮೈಕ್ರೋಸಾಫ್ಟ್ ಸೇರಿ ಮಾಡಿದ ಓಎಸ್/2 ಅನ್ನೋ ಹಳೇ ವ್ಯವಸ್ಥೆ ಫೈಲಿನ ಜೊತೆ ಒಂದು ಪಟ್ಟಿ ಕಳಿಸ್ತಿತ್ತು. ಓಎಸ್/2 ಸತ್ತರೂ, ಆ ಪಟ್ಟಿಯನ್ನ ಹೊಸ ನಮೂನೆಗೆ ಬದಲಾಯಿಸೋ ಸಾಲುಗಳು ವಿಂಡೋಸ್‌ನಲ್ಲಿ ಉಳಿದುಕೊಂಡವು. ಪಟ್ಟಿಯಲ್ಲಿ ತಪ್ಪು ನಮೂದು ಇದ್ದರೆ ಅದನ್ನ ಬಿಟ್ಟು, ಉಳಿದದ್ದರ ಒಟ್ಟು ಅಳತೆಯನ್ನ ತಿದ್ದಿ ಬರೀಬೇಕು. ತಪ್ಪು ಅಲ್ಲೇ. ಒಟ್ಟು 1,05,000 ಇತ್ತು, ತಿದ್ದಿದ ಮೇಲೆ 4,000 ಆಗಬೇಕು ಅಂದುಕೊಳ್ಳಿ. ಲೆಡ್ಜರ್ ಬರೆಯೋನು ಕೊನೇ ಐದು ಅಂಕಿ ಮಾತ್ರ ಒರೆಸಿ 04,000 ಅಂತ ಬರೆದ, ಮುಂದಿನ 1 ಹಾಗೇ ಉಳೀತು. ಈಗ ಪುಸ್ತಕದಲ್ಲಿ 1,04,000. ಜಾಗ ಇರೋದು ನಾಲ್ಕು ಸಾವಿರಕ್ಕೆ, ತುಂಬೋದು ಒಂದು ಲಕ್ಷ ನಾಲ್ಕು ಸಾವಿರ. ಅಂಕಿಗಳು ನಾನು ಕೊಟ್ಟ ಉದಾಹರಣೆ, ತಪ್ಪಿನ ಸ್ವರೂಪ ಮಾತ್ರ ಇದೇ. 1988ರ ಫಿಂಗರ್ ಸೇವೆಗೂ ಇದಕ್ಕೂ ನಡುವೆ ಸುಮಾರು ಮೂವತ್ತು ವರ್ಷ. ರೋಗ ಒಂದೇ, ಅಳತೆ ಮೀರಿ ಚೆಲ್ಲೋದು.

ಇದನ್ನ ಮೊದಲು ಕಂಡುಹಿಡಿದು ಅಸ್ತ್ರ ಮಾಡಿಕೊಂಡದ್ದು ಅಮೆರಿಕ ಸರ್ಕಾರದ ಗೂಢಚಾರ ಸಂಸ್ಥೆ ಎನ್‌ಎಸ್‌ಎ. ಎಟರ್ನಲ್‌ಬ್ಲೂ ಅಂತ ಹೆಸರಿಟ್ಟು, ಮೈಕ್ರೋಸಾಫ್ಟ್‌ಗೆ ಹೇಳದೆ ವರ್ಷಗಟ್ಟಲೆ ಬಳಸಿತು. ಕೈಜಾರಿದೆ ಅಂತ ಗೊತ್ತಾದ ಮೇಲಷ್ಟೇ ಕಂಪನಿಗೆ ತಿಳಿಸಿತು ಅಂತ ಆಗಿನ ಅಮೆರಿಕದ ಪತ್ರಿಕೆಗಳು ಬರೆದವು. 2017ರ ಮಾರ್ಚ್ 14ಕ್ಕೆ ಎಂಎಸ್17-010 ಅನ್ನೋ ಪ್ಯಾಚ್ ಬಂತು. ಏಪ್ರಿಲ್ 14ಕ್ಕೆ ಶ್ಯಾಡೋ ಬ್ರೋಕರ್ಸ್ ಅನ್ನೋ ಗುಂಪು ಆ ಅಸ್ತ್ರವನ್ನೇ ಬೀದಿಗೆ ಬಿಸಾಕಿತು. ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು.

ಊರಿನ ಕೆರೆ ಏರಿಯಲ್ಲಿ ಬಿರುಕು ಕಂಡವನು ಊರಿಗೆ ಹೇಳದೆ, ಶತ್ರು ಗದ್ದೆ ಮುಳುಗಿಸೋಕೆ ಆಗುತ್ತೆ ಅಂತ ಸುಮ್ಮನಿದ್ದ ಹಾಗೆ ಇದು. ದೇಶ ರಕ್ಷಣೆಗೆ ಅಂತ ಸಮರ್ಥನೆ ಕೊಡೋರು ಇದ್ದಾರೆ. ನನಗೆ ಒಪ್ಪಿಗೆ ಇಲ್ಲ. ಏರಿ ಕೆಳಗೆ ಎಲ್ಲರ ಗದ್ದೆನೂ ಇರುತ್ತೆ.

(ಭಾಗ 7)
ಮೇ 12, ಶುಕ್ರವಾರ. ಮಾರ್ಚ್ 14ರಿಂದ ಎಣಿಸಿದರೆ 59 ದಿನ.

ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಸುಮಾರು 80 ಟ್ರಸ್ಟ್‌ಗಳಿಗೆ ತೊಂದರೆ, 19 ಸಾವಿರದಷ್ಟು ಅಪಾಯಿಂಟ್‌ಮೆಂಟ್ ರದ್ದು. ಒಟ್ಟು 150 ದೇಶ, ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್. ನಮ್ಮ ದೇಶದಲ್ಲಿ ಆಂಧ್ರದ ಪೊಲೀಸ್ ಠಾಣೆಗಳು, ಪಶ್ಚಿಮ ಬಂಗಾಳದ ವಿದ್ಯುತ್ ಆಫೀಸುಗಳು, ಕೇರಳದಲ್ಲಿ ತರಿಯೋಡು, ಪತ್ತನಂತಿಟ್ಟ ಜಿಲ್ಲೆಯ ಇನ್ನೊಂದು ಪಂಚಾಯ್ತಿ, ಪಾಲಕ್ಕಾಡಿನ ರೈಲ್ವೆ ಆಫೀಸು.

ಅದೇ ಶುಕ್ರವಾರ ಇಂಗ್ಲೆಂಡಿನಲ್ಲಿ ಮಾರ್ಕಸ್ ಹಚಿನ್ಸ್ ಅನ್ನೋ ಹುಡುಗ, ಇವನಿಗೂ 22 ವರ್ಷ, ಹುಳವನ್ನ ಬಿಚ್ಚಿ ನೋಡ್ತಿದ್ದ. ಅರ್ಥವಿಲ್ಲದ ಅಕ್ಷರಗಳ ಒಂದು ಉದ್ದ ವೆಬ್ ವಿಳಾಸವನ್ನ ಅದು ಪದೇ ಪದೇ ಕರೀತಿತ್ತು. ಆ ವಿಳಾಸ ಯಾರೂ ಕೊಂಡಿರಲಿಲ್ಲ. ಸುಮಾರು ಹನ್ನೊಂದು ಡಾಲರ್ ಕೊಟ್ಟು ಇವನು ಕೊಂಡ. ಆ ವಿಳಾಸದಿಂದ ಉತ್ತರ ಬಂದರೆ ನಿಂತುಬಿಡು ಅಂತ ಹುಳದೊಳಗೇ ಬರೆದಿತ್ತು. ಹರಡೋದು ನಿಂತಿತು. ಆದರೆ ಆಗಲೇ ಬೀಗ ಬಿದ್ದಿದ್ದ ಯಂತ್ರಗಳಿಗೆ ಇದರಿಂದ ಉಪಯೋಗ ಇಲ್ಲ. ನೇರ ಇಂಟರ್ನೆಟ್ ಇಲ್ಲದೆ ಒಳಗಿನ ನೆಟ್‌ವರ್ಕ್‌ನಲ್ಲಷ್ಟೇ ಇರೋ ಯಂತ್ರಕ್ಕೆ ಆ ಉತ್ತರ ಕೇಳಿಸೋದೂ ಇಲ್ಲ.

ಮೇ 13 ಎರಡನೇ ಶನಿವಾರ, 14 ಭಾನುವಾರ. ಸೋಮವಾರ ಬೆಳಗ್ಗೆ ಆಫೀಸಿಗೆ ಬಂದವರ ಕತೆ ಮೊದಲೇ ಹೇಳಿದ್ದೀನಿ.

ಎರಡು ಸಂಗತಿ ನನ್ನ ತಲೆಯಲ್ಲಿ ಹಾಗೇ ಕೂತಿವೆ. ಒಂದು, ವಾನಾಕ್ರೈನ ಬೇಡಿಕೆ ಪತ್ರ 28 ಭಾಷೆಯಲ್ಲಿ ಇತ್ತು. ಲಾಟ್ವಿಯನ್ ಇತ್ತು, ಫಿಲಿಪಿನೋ ಇತ್ತು. ಕನ್ನಡ ಇಲ್ಲ, ಮಲಯಾಳಂ ಇಲ್ಲ, ಹಿಂದಿನೂ ಇಲ್ಲ. ಬೀಗ ಹಾಕಿದವರ ಲೆಕ್ಕದಲ್ಲಿ ನಾವು ದುಡ್ಡು ಕೊಡೋ ಗಿರಾಕಿಗಳೇ ಅಲ್ಲ, ಸುಮ್ಮನೆ ದಾರಿಯಲ್ಲಿ ಸಿಕ್ಕವರು.

ಇನ್ನೊಂದು ಹೆಚ್ಚು ಕಹಿ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿತ್ತು. ವಾನಾಕ್ರೈ ಬಂದ ಮಾರನೇ ದಿನ ಮೈಕ್ರೋಸಾಫ್ಟ್ ಔದಾರ್ಯ ತೋರಿಸಿ ಎಕ್ಸ್‌ಪಿಗೂ ಉಚಿತ ಪ್ಯಾಚ್ ಕೊಟ್ಟಿತು. ಅದರ ಮೇಲಿದ್ದ ತಾರೀಖು ಫೆಬ್ರವರಿ 2017. ಅಂದರೆ ಮೂರು ತಿಂಗಳಿಂದ ಆ ಪ್ಯಾಚ್ ತಯಾರಿತ್ತು, ಸಿಗ್ತಿದ್ದದ್ದು ವಿಶೇಷ ಒಪ್ಪಂದಕ್ಕೆ ದುಡ್ಡು ಕಟ್ಟಿದ ದೊಡ್ಡ ಗಿರಾಕಿಗಳಿಗೆ. ವ್ಯಾಪಾರದ ದೃಷ್ಟಿಯಲ್ಲಿ ತಪ್ಪು ಅನ್ನೋಕಾಗಲ್ಲ, ಹಳೇ ಮಾಲಿಗೆ ಎಷ್ಟು ದಿನ ಪುಕ್ಕಟೆ ರಿಪೇರಿ ಮಾಡ್ತಾರೆ? ಆದರೂ, ತೇಪೆ ಬೀರುವಿನಲ್ಲಿ ಇಟ್ಟುಕೊಂಡು ಬಟ್ಟೆ ಹರಿಯೋದು ನೋಡ್ತಿದ್ದ ಹಾಗೆ ಅನ್ನಿಸುತ್ತೆ. ನಿಜ ಹೇಳಬೇಕಂದ್ರೆ ಹೆಚ್ಚು ಹೊಡೆತ ಬಿದ್ದದ್ದು ಎಕ್ಸ್‌ಪಿಗಲ್ಲ, ವಿಂಡೋಸ್ 7ಕ್ಕೆ. ಅದಕ್ಕೆ ಮಾರ್ಚ್ 14ರಿಂದಲೇ ಪ್ಯಾಚ್ ಉಚಿತವಾಗಿ ಸಿಗ್ತಿತ್ತು.

(ಭಾಗ 8)
ಹಾಗಾದರೆ 59 ದಿನ ಯಾಕೆ ಸಾಲಲಿಲ್ಲ? ಪ್ಯಾಚ್ ಬರೆದವರು ಅಮೆರಿಕದ ರೆಡ್ಮಂಡ್‌ನಲ್ಲಿ. ಅದು ಹಾಕಿಸಿಕೊಳ್ಳಬೇಕಾದ ಯಂತ್ರ ಒಂದು ತಾಲ್ಲೂಕಿನ ಟೇಬಲ್ ಮೇಲೆ. ನಡುವೆ ಯಾರಿದ್ದಾರೆ?

ನಮ್ಮ ಕಡೆ ನೋಡಿ. ಕಂಪ್ಯೂಟರ್ ಜೋಡಿಸಿ ಕೊಡೋ ಹುಡುಗ ವಿಂಡೋಸ್ ಹಾಕಿ, ಹೋಗೋ ಮುಂಚೆ ಮಾಡೋ ಕೊನೇ ಕೆಲಸ ಅಪ್‌ಡೇಟ್ ಆಫ್ ಮಾಡೋದು. ಕಾರಣಗಳೂ ಇವೆ. ಲೈಸೆನ್ಸ್ ಇಲ್ಲದ ಕಾಪಿ ಆಗಿದ್ದರೆ ಅಪ್‌ಡೇಟ್ ಆದ ಮೇಲೆ ತೆರೆ ಕಪ್ಪಾಗುತ್ತೆ ಅನ್ನೋ ಭಯ. ಡಾಂಗಲ್ ಡೇಟಾದಲ್ಲಿ ನಡೆಸೋ ಕಾಲದಲ್ಲಿ ಒಂದು ಅಪ್‌ಡೇಟ್‌ಗೆ ತಿಂಗಳ ಪ್ಯಾಕೇ ಹೋಗ್ತಿತ್ತು. ಮತ್ತೆ ಅರ್ಜಿ ಹಾಕೋರು ಸಾಲಲ್ಲಿ ನಿಂತಿರುವಾಗ 'ದಯವಿಟ್ಟು ಆಫ್ ಮಾಡಬೇಡಿ' ಅಂತ ಅರ್ಧ ಗಂಟೆ ಸುತ್ತುತ್ತಾ ಕೂತರೆ ಬೈಸಿಕೊಳ್ಳೋರು ಯಾರು? ನಾನು ಕೆಲವು ದಿನ ಲೆಕ್ಕ ಕಲಿಯೋಕೆ ಹೋಗ್ತಿದ್ದ ಒಂದು ಸಣ್ಣ ಆಫೀಸಿನಲ್ಲಿ ಅಪ್‌ಡೇಟ್ ಅನ್ನೋ ಮಾತೆತ್ತಿದರೆ ಸರ್ 'ಮಾರ್ಚ್ ಮುಗೀಲಪ್ಪ' ಅನ್ನೋರು. ಮಾರ್ಚ್ ಮುಗಿದರೆ ಆಡಿಟ್, ಆಡಿಟ್ ಮುಗಿದರೆ ರಿಟರ್ನ್ಸ್. 2017ರಲ್ಲಿ ಕೇಳಲೇಬೇಡಿ, ಜುಲೈ 1ರಿಂದ ಜಿಎಸ್‌ಟಿ. ವಾನಾಕ್ರೈ ಬಂದದ್ದು ಅದಕ್ಕೆ ಸರಿಯಾಗಿ 50 ದಿನ ಮೊದಲು, ಊರಿನ ಪ್ರತಿ ವ್ಯಾಪಾರಿಯ ಖಾತೆಯೂ ಹೊಸ ನಮೂನೆಗೆ ಬದಲಾಗುತ್ತಿದ್ದ ಹೊತ್ತು.

ಅಪ್‌ಡೇಟ್ ಹಾಕಿದ ದಿನ ಏನೂ ನಡೆಯಲ್ಲ, ಅದೇ ತೊಂದರೆ. ಖರ್ಚು ಮಾತ್ರ ಕಾಣುತ್ತೆ: ಸಮಯ, ಡೇಟಾ, ನಿಂತ ಕೆಲಸ. ತಪ್ಪಿದ ನಷ್ಟವನ್ನ ಬರೆಯೋ ಕಾಲಂ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಹೀಗಿರುವಾಗ ತರಿಯೋಡಿನ ಗುಮಾಸ್ತರನ್ನ ಬೈಯೋದು ನನಗೆ ಸರಿ ಕಾಣಲ್ಲ. ಎನ್‌ಎಸ್‌ಎ ಮುಚ್ಚಿಟ್ಟಿತು, ಮೈಕ್ರೋಸಾಫ್ಟ್ ಮೂವತ್ತು ವರ್ಷದ ಹಳೇ ಸಾಲನ್ನ ಹೊತ್ತು ತಂದಿತು, ಕೊನೆಗೆ 59 ದಿನದ ಹೊಣೆ ಮಾತ್ರ ಪಂಚಾಯ್ತಿ ಟೇಬಲ್ ಮೇಲೆ ಬಿತ್ತು. ಸರ್ಕಾರಿ ಕಂಪ್ಯೂಟರ್ ಕೊಳ್ಳೋಕೆ ಟೆಂಡರ್ ಇರುತ್ತೆ. ಅದಕ್ಕೆ ತಿಂಗಳು ತಿಂಗಳು ಪ್ಯಾಚ್ ಹಾಕೋ ಕೆಲಸ ಯಾರದ್ದು ಅಂತ ಹೆಸರು ಬರೆದಿಡೋದು ಅಷ್ಟೇ ಮುಖ್ಯ ಅನ್ನೋದು ನನ್ನ ವಾದ.

2017ಕ್ಕೇ ಇದು ಮುಗೀಲೂ ಇಲ್ಲ. ಪ್ರಿಂಟ್ ಸಾಲು ನೋಡಿಕೊಳ್ಳೋ ಸ್ಪೂಲರ್ ಸೇವೆಯ ಒಂದು ಬಿರುಕನ್ನ 2010ರಲ್ಲಿ ಸ್ಟಕ್ಸ್‌ನೆಟ್ ಹುಳ ಬಳಸಿತ್ತು. ಇರಾನಿನ ಅಣು ಕೇಂದ್ರಕ್ಕೆ ಬಿಟ್ಟ ಹುಳ ಅದು, ಸೋಂಕು ತಗುಲಿದ ದೇಶಗಳಲ್ಲಿ ಇರಾನ್, ಇಂಡೋನೇಷ್ಯಾ ಆದ ಮೇಲೆ ಮೂರನೆಯದು ಭಾರತ. ಅದೇ ಸ್ಪೂಲರ್‌ನಲ್ಲಿ 2021ರಲ್ಲಿ ಮತ್ತೊಂದು ಬಿರುಕು, ಪ್ರಿಂಟ್‌ನೈಟ್‌ಮೇರ್. ಆ ಸಲ ಸಂಶೋಧಕರೇ ಜೂನ್ ಕೊನೆಗೆ ಬಳಸೋ ವಿಧಾನವನ್ನ ಗೊಂದಲದಲ್ಲಿ ಹೊರಗೆ ಬಿಟ್ಟರು, ಪ್ಯಾಚ್ ಬರೋಕೆ ಶುರುವಾಗಿದ್ದು ಜುಲೈ 6ರಿಂದ. ಅಂದರೆ ದಿನದ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಯ್ತು.

(ಭಾಗ 9, ಕೊನೇದು)
ನಿಮ್ಮಲ್ಲಿ ವಿಂಡೋಸ್ ಇದ್ದರೆ ಹತ್ತು ನಿಮಿಷ ಕೊಡಿ. 'ವಿಂಡೋಸ್ ಫೀಚರ್ಸ್' ಪಟ್ಟಿ ತೆಗೆದು ಎಸ್‌ಎಂಬಿ 1.0 ಅನ್ನೋದಕ್ಕೆ ಟಿಕ್ ಇದೆಯಾ ನೋಡಿ, ಇದ್ದರೆ ತೆಗೆಯಿರಿ. ಟ್ಯಾಲಿ ಶೇರಿಂಗ್ ನಿಂತುಹೋಗುತ್ತೆ ಅಂತ ಹೆದರಬೇಡಿ, ಹೊಸ ಯಂತ್ರಗಳ ನಡುವೆ ಅದು ಹೊಸ ಆವೃತ್ತಿಯಲ್ಲೇ ನಡೆಯುತ್ತೆ. ತೀರಾ ಹಳೇ ಪ್ರಿಂಟರ್-ಸ್ಕ್ಯಾನರ್ ಇದ್ದರೆ ಮಾತ್ರ ಕಿರಿಕಿರಿ ಮಾಡಬಹುದು. ಪ್ರಿಂಟರ್ರೇ ಇಲ್ಲದ ಯಂತ್ರದಲ್ಲಿ ಸ್ಪೂಲರ್ ಸೇವೆ ನಿಲ್ಲಿಸಿದರೂ ನಡೆಯುತ್ತೆ. ಬ್ಯಾಕಪ್ ಇಟ್ಟ ಹಾರ್ಡ್‌ಡಿಸ್ಕ್ ಅನ್ನ ಕೆಲಸ ಮುಗಿದ ಮೇಲೆ ಕಿತ್ತು ಬೀರುವಿನಲ್ಲಿ ಇಡಿ. ಸಿಕ್ಕಿಸಿಯೇ ಬಿಟ್ಟರೆ ವಾನಾಕ್ರೈ ಥರದ್ದು ಅದಕ್ಕೂ ಬೀಗ ಹಾಕುತ್ತೆ.

ದುಡ್ಡು ಕೊಟ್ಟರೆ ಬಿಡ್ತಾರಾ ಅಂತ ಕೇಳೋರಿಗೆ: ಜಗತ್ತಿನಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಯಂತ್ರ ಬಿದ್ದರೂ ಕೊಟ್ಟವರು ಕೆಲವು ನೂರು ಮಂದಿ. 2017ರ ಆಗಸ್ಟ್‌ನಲ್ಲಿ ಆ ಖಾತೆಗಳಿಂದ ತೆಗೆದದ್ದು ಸುಮಾರು 1.4 ಲಕ್ಷ ಡಾಲರ್. ಅಷ್ಟು ನಾಶಕ್ಕೆ ಇಷ್ಟೇ ಸಂಪಾದನೆ. ಮಾಡಿದ್ದು ಉತ್ತರ ಕೊರಿಯಾ ಅಂತ ಅಮೆರಿಕ ಡಿಸೆಂಬರ್‌ನಲ್ಲಿ ಹೇಳಿತು, ಅವರು ಇಲ್ಲ ಅಂದರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗೀತು. ಮನೆ ಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಪ್ಯಾಚ್ ಸಿಗುತ್ತೆ. ಹುಣಸೂರು ಬಸ್‌ಸ್ಟ್ಯಾಂಡ್ ಸುತ್ತಮುತ್ತ ನಾನು ಕಂಡ ಜೆರಾಕ್ಸ್ ಅಂಗಡಿಗಳಲ್ಲಿ ಇನ್ನೂ 10 ಓಡ್ತಿದೆ, ಒಂದರಲ್ಲಿ 7.

ಬ್ಲಾಸ್ಟರ್ ಕಾಲದ ಆ 60 ಸೆಕೆಂಡ್ ಇಳಿಎಣಿಕೆಯನ್ನ ನಮ್ಮ ನಾಲ್ಕು ತಾಲ್ಲೂಕಿನ ಯಾವುದಾದರೂ ಸೈಬರ್ ಕೆಫೆಯಲ್ಲಿ ಕಣ್ಣಾರೆ ನೋಡಿದವರು ಇದ್ದರೆ ಮೆಸೇಜ್ ಮಾಡಿ. ಆಗಿನ ಕೆಫೆ ಬೋರ್ಡಿನ ಫೋಟೋ ಇದ್ದರಂತೂ ಇನ್ನೂ ಒಳ್ಳೇದು, ಮುಂದಿನ ಪೋಸ್ಟ್ ಅದರ ಮೇಲೇ ಬರೀತೀನಿ.

#ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ನಮ್ಮಕಡೆಇತಿಹಾಸ